ಸಂಶಯದ ಭಾರ ಯಾರದು?

ವಾರಂಟಿಯೆಂಬುದು ಹಣ ಕೈಸೇರಿದ ಬಳಿಕವೂ ಉಳಿಯುವ ಮಾತಿನ ಋಣ. ಪಂದ್ಯದ ಸೈಕಲ್ಲುಗಳ ಕಾರ್ಬನ್ ಚಕ್ರಗಳು ಬಹುಬೆಲೆಯವು. ರಿಮ್ಮಿನ ಮೇಲೆಯೇ ಬ್ರೇಕ್ ಒತ್ತುವ ಬಗೆಯ ಚಕ್ರವು ದೀರ್ಘ ಇಳಿಜಾರಿನಲ್ಲಿ ಕಾದು ವಿರೂಪಗೊಳ್ಳಬಹುದು. ಆಗ ಕೊಂಡವನು ತಯಾರಿಕೆಯ ದೋಷವೆನ್ನುತ್ತಾನೆ. ಮಾರಿದವನು ಬಳಕೆಯ ದೋಷವೆನ್ನುತ್ತಾನೆ. ಈ ಸಂಶಯದ ಭಾರವನ್ನು ಹೊರಬೇಕಾದವರು ಯಾರು?

2022ರಿಂದ ಅನ್ವಯವಾಗಿರುವ ಐರೋಪ್ಯ ಒಕ್ಕೂಟದ ನಿರ್ದೇಶನವು ಮಾರಾಟಗಾರನಿಗೆ ಕನಿಷ್ಠ 2 ವರ್ಷಗಳ ಹೊಣೆಯನ್ನು ವಿಧಿಸಿದೆ. ಮೊದಲ ವರ್ಷದಲ್ಲಿ ಕಂಡ ದೋಷವು ಮಾರುವಾಗಲೇ ಇತ್ತೆಂದು ಭಾವಿಸಿ, ಅಲ್ಲವೆಂದು ಸಾಧಿಸುವ ಭಾರವನ್ನು ಅವನಿಗೇ ಹೊರಿಸಿದೆ. ಇದು ಉಚಿತವೇ, ವಸ್ತುವಿನ ಒಳಗುಟ್ಟನ್ನು ವಿಚಾರಿಸಿ ತಿಳಿಯುವ ಅನುಕೂಲ ಅವನಿಗೇ ಹೆಚ್ಚು.

ಗುಂಡಿಗೆ ಬಡಿದು ಬಿರಿದ ಚಕ್ರವನ್ನು ತಯಾರಿಕೆಯ ದೋಷವೆಂದು ತರುವ ಗ್ರಾಹಕನದೂ ಅಸತ್ಯವೇ. ಆದರೆ ಅವನಿಟ್ಟ ನಂಬಿಕೆಯೂ ಒಂದು ನ್ಯಾಸ. ಅದನ್ನು ಅಲ್ಲಗಳೆಯುವುದು ಸತ್ಯಾಣುವ್ರತಕ್ಕೆ ಅತಿಚಾರ. ಅವಧಿ ಮುಗಿದೊಡನೆ ಕಾನೂನು ಕೈಬಿಟ್ಟೀತು. ಬಲ್ಲ ದೋಷವನ್ನು ಒಪ್ಪಿಕೊಳ್ಳುವ ಧರ್ಮಕ್ಕೆ ಅವಧಿಯಿಲ್ಲ.