ಅಭ್ಯಾಸದ ಚೆಂಡು ಮತ್ತು ಹಂಚಿಕೆಯ ಧರ್ಮ

ಶಾಲೆಯೊಂದು ತನ್ನ ಕ್ರೀಡಾ ನಿಧಿಯ ಅಲ್ಪ ಮೊತ್ತದಲ್ಲಿ ಎಂಥ ಬಾಸ್ಕೆಟ್‌ಬಾಲ್‌ಗಳನ್ನು ಕೊಳ್ಳಬೇಕು ಎಂಬುದು ಮೇಲ್ನೋಟಕ್ಕೆ ಅಂಗಡಿಯ ಕಟ್ಟೆಯ ಮೇಲೆ ತೀರ್ಮಾನವಾಗುವ ವ್ಯವಹಾರದಂತೆ ತೋರಿದರೂ, ಅದರ ಒಳಗಿರುವುದು ತತ್ವಶಾಸ್ತ್ರವು ಹಂಚಿಕೆಯ ನ್ಯಾಯವೆಂದು ಕರೆಯುವ ಪ್ರಶ್ನೆ. ಅಂದರೆ, ಎಲ್ಲರಿಗೂ ಸಾಲದಷ್ಟಿರುವ ವಸ್ತುವನ್ನು ಅದನ್ನು ಬಯಸುವ ಹಲವರ ನಡುವೆ ಯಾವ ನಿಯಮದಿಂದ ಹಂಚಿದರೆ ಅದು ಧರ್ಮವಾಗುತ್ತದೆ ಎಂಬ ವಿಚಾರ. ಮೈಸೂರಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ, ಏಕೆಂದರೆ ಈ ನಗರದ ಹಲವು ಶಾಲೆಗಳು ಧಾರ್ಮಿಕ ಸಂಕಲ್ಪದಿಂದ ಹುಟ್ಟಿದವು. 1953ರಲ್ಲಿ ಆರಂಭವಾದ ರಾಮಕೃಷ್ಣ ವಿದ್ಯಾಶಾಲೆಯ ಹಿಂದೆ ಆಶ್ರಮವಿದೆ, 1954ರಲ್ಲಿ ಸ್ಥಾಪನೆಯಾದ ಜೆಎಸ್ಎಸ್ ಮಹಾವಿದ್ಯಾಪೀಠದ ಹಿಂದೆ ಸುತ್ತೂರು ಮಠದ ದಾಸೋಹ ಪರಂಪರೆಯಿದೆ, ಹಾರ್ಡ್ವಿಕ್ ಶಾಲೆಯ ಹಿಂದೆ ವೆಸ್ಲಿಯನ್ ಮಿಷನ್ ಇದೆ. ಇಂಥ ಸಂಸ್ಥೆಗಳು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳುವ ತತ್ವವು ಆಟದ ಪೀರಿಯಡ್ಡಿನಲ್ಲಿಯೂ ನಿಲ್ಲುತ್ತದೆಯೇ ಎಂದು ಕೇಳುವುದು ನ್ಯಾಯವಾದ ಕೇಳಿಕೆಯೇ.

ಬಾಸ್ಕೆಟ್‌ಬಾಲ್ ಸಹ ಧರ್ಮಚಿಂತನೆಯ ನೆರಳಿನಲ್ಲಿಯೇ ಹುಟ್ಟಿದ ಆಟ. ಅದನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಮಾಂಟ್ರಿಯಲ್‌ನಲ್ಲಿ ಕ್ರೈಸ್ತ ದೇವತಾಶಾಸ್ತ್ರವನ್ನು ಓದಿದವನು. ಉಪದೇಶ ಪೀಠದಿಂದ ಮಾಡಬಹುದಾದ ಸೇವೆಯನ್ನು ವ್ಯಾಯಾಮಶಾಲೆಯಿಂದಲೂ ಮಾಡಬಹುದು ಎಂದು ನಂಬಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಗೆ ಬಂದವನು. 1891ರ ಡಿಸೆಂಬರಿನಲ್ಲಿ ಆತ ಈ ಆಟವನ್ನು ಮೊದಲು ಆಡಿಸಿದಾಗ ಅದಕ್ಕೆಂದೇ ತಯಾರಾದ ಚೆಂಡು ಇರಲಿಲ್ಲ, ಕೈಗೆ ಸಿಕ್ಕ ಫುಟ್‌ಬಾಲನ್ನೇ ಬಳಸಲಾಯಿತು; ಆತ ಕೇಳಿದ ಪೆಟ್ಟಿಗೆಗಳು ಇಲ್ಲದ್ದರಿಂದ ಶಾಲೆಯ ಜವಾನ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತಂದುಕೊಟ್ಟ. ತರಗತಿಯಲ್ಲಿದ್ದವರು ಹದಿನೆಂಟು ಮಂದಿಯಾದ್ದರಿಂದ ತಂಡಕ್ಕೆ ಒಂಬತ್ತು ಜನರಂತೆ ಹಂಚಲಾಯಿತು, ಯಾರನ್ನೂ ಗೋಡೆಯ ಬದಿಗೆ ಕೂರಿಸಲಿಲ್ಲ. ಈ ಆಟದ ಮೊದಲ ದಿನದಲ್ಲಿ ಸಲಕರಣೆ ಅಗ್ಗದ್ದಾಗಿತ್ತು, ಆಟ ಇಡೀ ತರಗತಿಯದಾಗಿತ್ತು.

ಅಭ್ಯಾಸದ ಚೆಂಡು ಯಾರಿಗೆ ಸಲ್ಲಬೇಕು ಎಂಬುದಕ್ಕೆ ಬಹಳ ಹಳೆಯ ಉತ್ತರವೊಂದಿದೆ. ಅತ್ಯುತ್ತಮವಾದ ಕೊಳಲುಗಳನ್ನು ಯಾರಿಗೆ ಕೊಡಬೇಕು ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಚರ್ಚಿಸಿ, ಕುಲವಂತರಿಗೂ ಅಲ್ಲ, ರೂಪವಂತರಿಗೂ ಅಲ್ಲ, ಚೆನ್ನಾಗಿ ನುಡಿಸಬಲ್ಲವರಿಗೆ ಎಂದು ತೀರ್ಮಾನಿಸಿದ್ದಾನೆ. ಕೊಳಲು ಇರುವುದೇ ಚೆನ್ನಾಗಿ ನುಡಿಯಲೆಂದು, ಆದ್ದರಿಂದ ವಸ್ತುವಿನ ಉದ್ದೇಶವೇ ಅದರ ಹಂಚಿಕೆಯನ್ನು ನಿರ್ಧರಿಸಬೇಕು ಎಂಬುದು ಅವನ ವಾದ. ಅಮರ್ತ್ಯ ಸೇನ್ 2009ರಲ್ಲಿ ಪ್ರಕಟಿಸಿದ ನ್ಯಾಯವಿಚಾರದ ಗ್ರಂಥದಲ್ಲಿ ಒಂದೇ ಕೊಳಲಿಗಾಗಿ ಮೂರು ಮಕ್ಕಳನ್ನು ಎದುರು ನಿಲ್ಲಿಸುತ್ತಾರೆ: ಒಬ್ಬಳಿಗೆ ನುಡಿಸಲು ಬರುತ್ತದೆ, ಒಬ್ಬನ ಬಳಿ ಬೇರೆ ಆಟಿಕೆಯೇ ಇಲ್ಲ, ಒಬ್ಬಳು ಆ ಕೊಳಲನ್ನು ತಾನೇ ಮಾಡಿದ್ದಾಳೆ, ಮೂವರ ಹಕ್ಕಿಗೂ ಬಲವಾದ ಕಾರಣವಿದೆ. ಶಾಲೆಗಳು ಸಾಮಾನ್ಯವಾಗಿ ಅರಿಸ್ಟಾಟಲನ ದಾರಿಯನ್ನು ಹಿಡಿದು, ಜಿಲ್ಲಾ ಮಟ್ಟಕ್ಕೆ ಹೋಗುವ ಹತ್ತು ಹನ್ನೆರಡು ಮಕ್ಕಳಿಗೆ ಒಳ್ಳೆಯ ಚೆಂಡನ್ನು ಮೀಸಲಿಟ್ಟು, ಉಳಿದವರಿಗೆ ಗಾಳಿ ನಿಲ್ಲದ ಹಳೆಯದನ್ನು ಬಿಡುತ್ತವೆ. ಆದರೆ ಅರಿಸ್ಟಾಟಲನ ಮಾನದಂಡವನ್ನೇ ಪ್ರಾಮಾಣಿಕವಾಗಿ ಅನ್ವಯಿಸಿದರೆ ಬೇರೆ ಉತ್ತರ ಬರುತ್ತದೆ. ಪಂದ್ಯದ ಚೆಂಡಿನ ಉದ್ದೇಶ ಬಲ್ಲವರ ಆಟವನ್ನು ತೋರಿಸುವುದು, ಅಭ್ಯಾಸದ ಚೆಂಡಿನ ಉದ್ದೇಶವಾದರೋ ಬಾರದವರನ್ನು ಬಲ್ಲವರನ್ನಾಗಿ ಮಾಡುವುದು. ಹಾಗಿರುವಾಗ ಅದರ ಮೇಲೆ ಮೊದಲ ಹಕ್ಕು ಇನ್ನೂ ಡ್ರಿಬಲ್ ಮಾಡಲು ಬಾರದ ಮಗುವಿನದು.

ಲೆಕ್ಕವೂ ಇದೇ ಕಡೆಗೆ ವಾಲುತ್ತದೆ. ನಲವತ್ತು ಮಕ್ಕಳ ತರಗತಿಗೆ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಒಂದೇ ಚೆಂಡು ಇದ್ದರೆ ಒಬ್ಬ ವಿದ್ಯಾರ್ಥಿಯ ಪಾಲಿಗೆ ಬರುವುದು ಒಂದು ನಿಮಿಷ, ಹತ್ತು ಚೆಂಡುಗಳಿದ್ದರೆ ಹತ್ತು ನಿಮಿಷ. ಉನ್ನತ ಪಂದ್ಯಗಳಿಗೆ ಬಳಸುವ ಚೆಂಡಿನ ಬೆಲೆ ಹಲವು ಸಾವಿರ ರೂಪಾಯಿಗಳಾದರೆ, ದೇಶೀಯ ಕಂಪನಿಗಳ ಸಾಧಾರಣ ರಬ್ಬರ್ ಚೆಂಡು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ.

ಅಭ್ಯಾಸವೆಂದರೇನು ಎಂಬುದನ್ನು ಮೈಸೂರು ಹೊರಗಿನಿಂದ ಕಲಿಯಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದ ಊರಿದು. ಅಲ್ಲಿಯ ವಿದ್ಯೆಗೆ ಮೂಲವಾದ ಪತಂಜಲಿಯ ಯೋಗಸೂತ್ರದಲ್ಲಿ ಅಭ್ಯಾಸವು ಗಟ್ಟಿಯಾಗಲು ದೀರ್ಘಕಾಲ, ನೈರಂತರ್ಯ, ಅಂದರೆ ನಡುವೆ ಕಡಿಯದಿರುವಿಕೆ, ಮತ್ತು ಸತ್ಕಾರ, ಅಂದರೆ ಆದರಪೂರ್ವಕವಾದ ನಿಷ್ಠೆ, ಈ ಮೂರೂ ಬೇಕೆಂಬ ನಿಲುವಿದೆ. ಆಸನಾಭ್ಯಾಸಕ್ಕೆ ದೇಹವೊಂದಿದ್ದರೆ ಸಾಕು, ಚೆಂಡಿನ ಆಟಕ್ಕೆ ಹೊರಗಿನ ಸಾಧನ ಬೇಕು. ಆದ್ದರಿಂದ ಇಲ್ಲಿ ಅಭ್ಯಾಸದ ಮೂರು ಗುಣಗಳೂ ಸಾಧನವನ್ನು ಅವಲಂಬಿಸಿ ನಿಲ್ಲುತ್ತವೆ.

ದೀರ್ಘಕಾಲ ಬಾಳದ ಚೆಂಡು ಎಷ್ಟೇ ಅಗ್ಗವಾದರೂ ದುಬಾರಿಯೇ. ಶಾಲೆಗಳ ಅಂಕಣಗಳು ಹೆಚ್ಚಾಗಿ ಬಯಲಿನಲ್ಲಿರುವ ಸಿಮೆಂಟಿನವು, ಕೆಲವು ಕಡೆ ಬರಿಯ ಮಣ್ಣಿನವು; ಮರದ ನೆಲದ ಒಳಾಂಗಣಕ್ಕೆಂದು ಮಾಡಿದ ಚರ್ಮದ ಚೆಂಡನ್ನು ಇಲ್ಲಿ ಪುಟಿಸಿದರೆ ಅದರ ಮೇಲ್ಮೈ ಬೇಗನೆ ಸವೆದು, ಮಳೆಯ ತೇವವನ್ನು ಹೀರಿ ಭಾರವಾಗುತ್ತದೆ. ಒಳಗಿನ ಬ್ಲ್ಯಾಡರ್‌ನ ಸುತ್ತ ನೈಲಾನ್ ನೂಲನ್ನು ಬಿಗಿಯಾಗಿ ಸುತ್ತಿ, ಮೇಲೆ ದಪ್ಪ ರಬ್ಬರನ್ನು ಅಚ್ಚಿನಲ್ಲಿ ಬೇಯಿಸಿ ಕೂರಿಸಿದ ಚೆಂಡು ಅದೇ ನೆಲದಲ್ಲಿ ಹೆಚ್ಚು ಕಾಲ ತಾಳುತ್ತದೆ. ಅಗ್ಗದಲ್ಲಿಯೂ ಒಳ್ಳೆಯದಿದೆ, ಕೆಟ್ಟದ್ದಿದೆ. ವ್ಯತ್ಯಾಸವನ್ನು ಕಣ್ಣು ಮತ್ತು ಕೈ ಪತ್ತೆಹಚ್ಚಬಲ್ಲವು. ಹದವಾಗಿ ಗಾಳಿ ತುಂಬಿದ ಚೆಂಡನ್ನು ಆರಡಿ ಎತ್ತರದಿಂದ ಬಿಟ್ಟರೆ ಅದು ಸುಮಾರು ನಾಲ್ಕಡಿಯವರೆಗೆ ಪುಟಿಯಬೇಕು. ಗಿರ್ರನೆ ತಿರುಗಿಸಿ ಮೇಲಕ್ಕೆಸೆದಾಗ ಅದರ ಗೆರೆಗಳು ಓಲಾಡಿದರೆ ಗುಂಡಗಿಲ್ಲವೆಂದೇ ಅರ್ಥ. ಗಾಳಿ ತುಂಬುವ ತೂತಿನ ಮೇಲೆ ಒಂದು ಹನಿ ನೀರು ಬಿಟ್ಟಾಗ ಗುಳ್ಳೆ ಎದ್ದರೆ ಅಂಥದ್ದನ್ನು ಅಲ್ಲಿಯೇ ಹಿಂದಿರುಗಿಸಬೇಕು. ಕಾಯಕವನ್ನು ಪೂಜೆಯೆಂದು ಬಗೆದ ಶರಣರ ನಾಡಿನಲ್ಲಿ, ಮಕ್ಕಳ ಹಣದಿಂದ ಕೊಳ್ಳುವ ವಸ್ತುವನ್ನು ಹೀಗೆ ಮುಟ್ಟಿ ನೋಡಿ ಕೊಳ್ಳುವುದು ದೈಹಿಕ ಶಿಕ್ಷಕರ ಕಾಯಕದ ಭಾಗವೇ ಆಗಿದೆ. ಪಟ್ಟಿಯಲ್ಲಿ ಅತಿ ಕಡಿಮೆ ಬೆಲೆ ಬರೆದವರಿಂದ ಕಣ್ಣು ಮುಚ್ಚಿ ಕೊಳ್ಳುವುದು ಮಿತವ್ಯಯವಲ್ಲ.

ನೈರಂತರ್ಯದ ಪ್ರಶ್ನೆ ಸಂಖ್ಯೆಗೆ ಸಂಬಂಧಿಸಿದ್ದು, ಅಲ್ಲಿಯೇ ಪಂಕ್ತಿಭೇದದ ವಿಚಾರವೂ ಏಳುತ್ತದೆ. ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತವರಲ್ಲಿ ಕೆಲವರಿಗೆ ಒಂದು ಬಗೆ, ಕೆಲವರಿಗೆ ಇನ್ನೊಂದು ಬಗೆ ಬಡಿಸುವುದನ್ನು ಪಂಕ್ತಿಭೇದವೆಂದು ಕರೆದು ಸಂಪ್ರದಾಯವು ದೋಷವೆಂದು ಎಣಿಸುತ್ತದೆ. ಅದೇ ಸಂಪ್ರದಾಯವು ಜಾತಿಗೊಂದು ಪಂಕ್ತಿಯನ್ನು ಹಾಕಿ ಶತಮಾನಗಳ ಕಾಲ ಮನುಷ್ಯರನ್ನು ದೂರವಿಟ್ಟಿತೆಂಬುದನ್ನು ಮರೆಮಾಚುವುದು ಸಲ್ಲದು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿಯವರ ಆಳ್ವಿಕೆಯಲ್ಲಿ ಸರ್ಕಾರಿ ಶಾಲೆಗಳ ಬಾಗಿಲನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆದಾಗ, ಆ ಮುರಿದ ಸಾಲುಗಳು ಮೊದಲು ಕೂಡಿಕೊಂಡ ಸ್ಥಳಗಳಲ್ಲಿ ಶಾಲೆಯ ಅಂಗಳವೂ ಒಂದು. ಅಂಥ ಅಂಗಳದಲ್ಲಿ ಆಯ್ದ ತಂಡಕ್ಕೆ ಹೊಸ ಚೆಂಡು, ಮಿಕ್ಕವರಿಗೆ ನೋಡುವ ಭಾಗ್ಯ ಎಂಬ ಹೊಸ ಪಂಕ್ತಿಯನ್ನು ಹಾಕುವುದು ಚಿಕ್ಕ ತಪ್ಪೇನಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆ ಸಾಲಿನ ಕೊನೆಯಲ್ಲಿ ಉಳಿಯುವವರು ಹೆಣ್ಣುಮಕ್ಕಳು.

ಪಂಕ್ತಿಭೇದ ಬೇಡವೆಂದರೆ ಎಲ್ಲರ ಕೈಗೂ ಒಂದೇ ಚೆಂಡು ಕೊಡಬೇಕೆಂದಲ್ಲ. ಸಾತ್ವಿಕ ದಾನವು ದೇಶ, ಕಾಲ, ಪಾತ್ರ ಎಂಬ ಮೂರನ್ನೂ ನೋಡಿ ಕೊಡುವಂಥದ್ದು ಎಂಬುದು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದ ವಿಚಾರ. ಪಾತ್ರವೆಂದರೆ ಇಲ್ಲಿ ಪಡೆಯುವವರ ಯೋಗ್ಯತೆ ಎಂಬ ರೂಢಿಯ ಅರ್ಥವನ್ನು ಸ್ವಲ್ಪ ವಿಸ್ತರಿಸಿ, ಪಡೆಯುವ ಕೈಯ ಅಳತೆ ಎಂದೂ ತಿಳಿಯಬಹುದು. ಪುರುಷರ ಆಟದ 7ನೇ ಅಳತೆಯ ಚೆಂಡು ಸುಮಾರು 75ರಿಂದ 77 ಸೆಂಟಿಮೀಟರ್ ಸುತ್ತಳತೆಯದು, ತೂಕ 600 ಗ್ರಾಂ ಆಸುಪಾಸು. ಮಹಿಳೆಯರ ಆಟದ 6ನೇ ಅಳತೆಯದು ಅದಕ್ಕಿಂತ ಚಿಕ್ಕದು, ತೂಕ 510ರಿಂದ 550 ಗ್ರಾಂ ಆಸುಪಾಸು. ಹನ್ನೆರಡರ ಒಳಗಿನ ಮಕ್ಕಳಿಗೆ ತಕ್ಕ 5ನೇ ಅಳತೆಯದು ಸುಮಾರು ಅರ್ಧ ಕಿಲೋ ತೂಗುತ್ತದೆ. ದಾನಿಗಳು ಅಭಿಮಾನದಿಂದ ತಂದುಕೊಡುವುದು ಬಹುತೇಕ 7ನೇ ಅಳತೆಯದನ್ನೇ. ಆರನೆಯ ತರಗತಿಯ ಹುಡುಗಿ ಅದನ್ನು 3.05 ಮೀಟರ್ ಎತ್ತರದ ಬಳೆಗೆ ಎಸೆಯಲು ಎರಡೂ ಕೈಗಳಿಂದ ತೊಡೆಯ ಮಟ್ಟದಿಂದ ಎತ್ತಬೇಕಾಗಿ ಬರುತ್ತದೆ. ಒಮ್ಮೆ ಕೂತ ಆ ತಪ್ಪು ಅಭ್ಯಾಸ ಮುಂದೆ ಸುಲಭವಾಗಿ ಬಿಡುವುದಿಲ್ಲ, ಹಲವು ವೇಳೆ ಆಟವನ್ನೇ ಬಿಟ್ಟುಬಿಡುವುದು ಮಗುವಿಗೆ ಸುಲಭವೆನಿಸುತ್ತದೆ. ಎಲ್ಲರಿಗೂ ಚೆಂಡು ಸಿಗಬೇಕು, ಅವರವರ ಕೈಗೆ ಹೊಂದುವ ಚೆಂಡೇ ಸಿಗಬೇಕು. ಸಮತೆಯ ಪೂರ್ಣ ಅರ್ಥ ಇದು.

ಚರ್ಮದ ಬಳಕೆಯ ಬಗ್ಗೆ ಅಹಿಂಸೆಯ ದೃಷ್ಟಿಯಿಂದ ಏಳುವ ಆಕ್ಷೇಪವನ್ನೂ ಇಲ್ಲಿ ಗಮನಿಸಬೇಕು. ಶ್ರವಣಬೆಳಗೊಳಕ್ಕೆ ಹತ್ತಿರದ ಈ ಪ್ರದೇಶದಲ್ಲಿ ಜೈನ ಅಹಿಂಸಾ ವಿಚಾರಕ್ಕೆ ಗೌರವದ ಸ್ಥಾನವಿದ್ದು, ಪ್ರಾಣಿಯ ತೊಗಲಿನ ವಸ್ತುವನ್ನು ಕೆಲವು ಕುಟುಂಬಗಳು ಒಲ್ಲವು. ಅಭ್ಯಾಸದ ಮಟ್ಟದಲ್ಲಿ ರಬ್ಬರ್ ಮತ್ತು ಕೃತಕ ಚರ್ಮದ ಚೆಂಡುಗಳೇ ನೆಲಕ್ಕೂ ಹಣಕ್ಕೂ ಹೊಂದುವುದರಿಂದ ಈ ಒಂದು ವಿಷಯದಲ್ಲಿ ಮಿತವ್ಯಯ ಮತ್ತು ಅಹಿಂಸೆ ಎದುರುಬದುರಾಗಿ ನಿಲ್ಲುವುದಿಲ್ಲ.

ಉಳಿಯುವುದು ಸತ್ಕಾರ. ಮೈಸೂರಿನಲ್ಲಿ ಮಹಾನವಮಿಯ ದಿನ ಅರಮನೆಯ ಪಟ್ಟದ ಕತ್ತಿಗೆ ಸಲ್ಲುವ ಆಯುಧಪೂಜೆ ಗ್ಯಾರೇಜಿನ ಸ್ಪ್ಯಾನರಿಗೂ ಸಲ್ಲುತ್ತದೆ. ಶಾಲೆಗಳಲ್ಲಿ ಆಟದ ಸಾಮಾನುಗಳಿಗೆ ಅರಿಶಿನ ಕುಂಕುಮವಿಟ್ಟು ಹೂ ಏರಿಸುವುದೂ ಉಂಟು. ಆದರೆ ಉಪಯೋಗಕ್ಕೆ ಬರುವ ಸಾಧನವೆಂದೇ ಆಯುಧಕ್ಕೆ ಪೂಜೆ ಸಲ್ಲುವುದು. ಸವೆದೀತೆಂಬ ಭಯದಿಂದ ಹೊಸ ಚೆಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ವರ್ಷಕ್ಕೊಮ್ಮೆ ಹೊರತೆಗೆಯುವ ಪದ್ಧತಿ ಆಯುಧಪೂಜೆಯ ಭಾವಕ್ಕೆ ವಿರುದ್ಧವಾದುದು. ನಿಜವಾದ ಸತ್ಕಾರವೆಂದರೆ ಸೂಜಿಯನ್ನು ತೇವ ಮಾಡಿ ಗಾಳಿ ತುಂಬುವುದು, ಆಟ ಮುಗಿದ ಮೇಲೆ ಮಣ್ಣನ್ನು ಒರೆಸಿ ಬಲೆಯ ಚೀಲದಲ್ಲಿ ನೆರಳಿಗೆ ತೂಗುಹಾಕುವುದು, ಚೆಂಡನ್ನು ಕುರ್ಚಿ ಮಾಡಿಕೊಂಡು ಕೂರದಿರುವುದು. ಈ ಕೆಲಸಗಳನ್ನು ಮಕ್ಕಳಿಗೇ ಸರದಿಯಂತೆ ವಹಿಸಿದರೆ ಅದೂ ಶಿಕ್ಷಣವೇ.

ಆದ್ದರಿಂದ ಶಾಲಾಭಿವೃದ್ಧಿ ಸಮಿತಿಗಳೂ ಆಡಳಿತ ಮಂಡಳಿಗಳೂ ಹಳೆಯ ವಿದ್ಯಾರ್ಥಿ ಸಂಘಗಳೂ ಬರುವ ವರ್ಷದ ಪಟ್ಟಿಯನ್ನು ಬರೆಯುವಾಗ, 5 ಮತ್ತು 6ನೇ ಅಳತೆಯ ಗಟ್ಟಿ ರಬ್ಬರ್ ಚೆಂಡುಗಳನ್ನು ನಾಲ್ಕು ಮಕ್ಕಳಿಗೊಂದರಂತೆ ಮೊದಲು ಬರೆಯಲಿ, ದೊಡ್ಡ ಹುಡುಗರಿಗೆ ಬೇಕಾದ 7ನೇ ಅಳತೆಯವನ್ನು ಅನಂತರ ಸೇರಿಸಲಿ, ಒಂದು ಪಂಪು ಮತ್ತು ಕೆಲವು ಹೆಚ್ಚುವರಿ ಸೂಜಿಗಳನ್ನು ಮರೆಯದಿರಲಿ. ಪಂದ್ಯದ ದುಬಾರಿ ಚೆಂಡನ್ನು ಇಷ್ಟೂ ಆದ ಮೇಲೆ ಹಣ ಉಳಿದರೆ ಕೊಳ್ಳಲಿ.