ಕರಡಿಗೆಯ ಬೆಳ್ಳಿ, ಪೆಟ್ಟಿಗೆಯ ಬೆಳ್ಳಿ



ಇಷ್ಟಲಿಂಗವನ್ನು ಇರಿಸಿಕೊಳ್ಳುವ ಕರಡಿಗೆಯನ್ನು ನಮ್ಮ ಹಿರಿಯರು ಶಕ್ತ್ಯನುಸಾರವಾಗಿ ಬೆಳ್ಳಿಯಿಂದ ಮಾಡಿಸುತ್ತ ಬಂದಿರುವರು. ಅಲ್ಲಿ ಲಿಂಗವು ಸ್ವಾಮಿ, ಬೆಳ್ಳಿಯು ಸೇವಕ. ಆದರೆ ಬೆಳ್ಳಿಯನ್ನೇ ಒಳಗಿಟ್ಟು, ಅದಕ್ಕೊಂದು ಕೊಳವೆ, ಕೊಳವೆಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಬೀಗ, ಬೀಗಕ್ಕೊಬ್ಬ ಕಾವಲುಗಾರ ಎಂದು ಏರ್ಪಡಿಸಿದಾಗ ಆ ಕಾವಲುಗಾರನು ಯಾರು? ಮನೆಯ ಯಜಮಾನನೇ ಅಲ್ಲವೆ? ಸೇವಕನು ಸ್ವಾಮಿಯಾಗಿ, ಸ್ವಾಮಿಯು ಸೇವಕನಾಗುವ ಈ ವಿಪರ್ಯಾಸವನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ನನ್ನಲ್ಲಿ ಓದಿದ ಶಿಷ್ಯನೊಬ್ಬನು ಅಮೆರಿಕದಲ್ಲಿ ಉದ್ಯೋಗದಲ್ಲಿರುವನು. ಊರಿಗೆ ಬಂದಾಗ ಮಠಕ್ಕೂ ಬಂದು, ನಮಸ್ಕರಿಸಿ ಕುಳಿತು, ತಾನು ಕೂಡಿಸಿದ ಬೆಳ್ಳಿಯ ನಾಣ್ಯಗಳ ಸಂಗತಿಯನ್ನು ಹೇಳಿದನು. ಆ ದೇಶದ ಟಂಕಸಾಲೆಯು 1986ರಿಂದ ಹದ್ದಿನ ಚಿತ್ರವುಳ್ಳ ಬೆಳ್ಳಿಯ ನಾಣ್ಯವನ್ನು ಹೊರಡಿಸುತ್ತಿದೆ. ತೂಕ 31.1 ಗ್ರಾಮು, ಶುದ್ಧತೆ ಸಾವಿರಕ್ಕೆ 999. ಇಂತಹ 20 ನಾಣ್ಯಗಳು ಒಂದು ಕೊಳವೆಯಲ್ಲಿ, 25 ಕೊಳವೆಗಳು ಒಂದು ಪೆಟ್ಟಿಗೆಯಲ್ಲಿ. ಒಟ್ಟು 500 ನಾಣ್ಯ, ಹದಿನೈದೂವರೆ ಕಿಲೋ ಬೆಳ್ಳಿ. ಕೊಳ್ಳುವವರು ಅದನ್ನು ಕರೆಯುವ ಹೆಸರಿಗೆ ರಾಕ್ಷಸಪೆಟ್ಟಿಗೆ ಎಂದರ್ಥವಂತೆ. ಹೆಸರಿಟ್ಟವರು ಅರಿತೋ ಅರಿಯದೆಯೋ ಸತ್ಯವನ್ನೇ ನುಡಿದಿರುವರು!

"ಗುರುಗಳೇ, ಮುದ್ರೆ ಒಡೆದರೆ ಮಾರುವಾಗ ಬೆಲೆ ಇಳಿದೀತೆಂದು ನಾನು ಒಂದು ಪೆಟ್ಟಿಗೆಯನ್ನು ತೆರೆದೇ ನೋಡಿಲ್ಲ. ಮನೆಯಲ್ಲಿ ಹೆಂಡತಿಗೂ ಹೇಳಿಲ್ಲ. ರಾತ್ರಿ ಸಪ್ಪಳವಾದರೆ ಎದ್ದು ಕೂಡುತ್ತೇನೆ" ಎಂದನು. ನಾನು ಅವನಿಗೆ ಶಾಸ್ತ್ರವಾಕ್ಯವನ್ನು ಹೇಳಲಿಲ್ಲ. ನಮ್ಮ ಮನೆಯ ಕಥೆಯನ್ನೇ ಹೇಳಿದೆನು. ಅದನ್ನು ತಮಗೂ ನಿವೇದಿಸುವೆನು.

ನಮ್ಮ ತಾಯಿಗೆ ತವರಿನಿಂದ ಐದನೆಯ ಜಾರ್ಜ್ ದೊರೆಯ ಕಾಲದ 32 ಬೆಳ್ಳಿಯ ರೂಪಾಯಿಗಳು ಬಂದಿದ್ದವು. ಆ ರೂಪಾಯಿ 11.66 ಗ್ರಾಮು ತೂಗುವುದು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ನಿಕ್ಕಲ್ಲಿನ ರೂಪಾಯಿ ಬಂದಿತು. ಆದುದರಿಂದ ಹಳೆಯ ರೂಪಾಯಿಗೆ ಮನೆಮನೆಯಲ್ಲಿಯೂ ಆದರ. ತಾಯಿಯು ಅವನ್ನು ರಬ್ಬರಿನ ಪಟ್ಟಿಯಿಂದ ಬಿಗಿದು, ಉಣ್ಣೆಯ ತುಂಡಿನಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ತಂಗಿಯ ಮದುವೆಗೆಂದು ಕಾದಿರಿಸಿದಳು. ತಂಗಿಯು ಏಳನೆಯ ತರಗತಿಯಲ್ಲಿದ್ದಾಗ ಮಳೆ ಹೋಯಿತು, ತಂದೆ ಹಾಸಿಗೆ ಹಿಡಿದರು. ಶುಲ್ಕ ಕಟ್ಟಲಾಗದೆ ಅವಳ ಓದು ನಿಂತಿತು. ಡಬ್ಬಿಯ ಸಂಗತಿ ನನಗೆ ತಿಳಿದಿದ್ದಿತು. ನಾನು ಬಾಯಿ ಬಿಡಲಿಲ್ಲ. ಏಕೆಂದರೆ ನನ್ನ ಓದು ನಿಂತಿರಲಿಲ್ಲ. ಮುಂದೆ ಮದುವೆಯ ಸಮಯ ಬಂದಿತು. ಆಗಲೂ ತಾಯಿಗೆ ಗಂಟನ್ನು ಬಿಚ್ಚಲು ಮನಸ್ಸಾಗಲಿಲ್ಲ, ಸಾಲ ಮಾಡಿದೆವು.

ತಾಯಿ ಲಿಂಗೈಕ್ಯಳಾದ ಮೇಲೆ ಡಬ್ಬಿಯನ್ನು ತೆರೆದರೆ ನಾಣ್ಯಗಳೆಲ್ಲ ಮಸಿಯಂತೆ ಕಪ್ಪಾಗಿದ್ದವು. ರಬ್ಬರಿನಲ್ಲಿಯೂ ಉಣ್ಣೆಯಲ್ಲಿಯೂ ಗಂಧಕದ ಅಂಶವಿರುವುದು. ಬೆಳ್ಳಿಯು ಗಂಧಕದೊಡನೆ ಕೂಡಿದರೆ ಕಪ್ಪಾಗುವುದು. ಯಾವುದರಿಂದ ಬಿಗಿದು ಕಾಪಾಡಿದೆವೋ ಅದೇ ಕೆಡಿಸಿದ್ದಿತು. ಅವನ್ನು ತಂಗಿಯ ಮುಂದಿಟ್ಟು, "ಇವು ನಿನ್ನವು, ತಾಯೀ" ಎಂದೆನು. ಅವಳು ಒಂದನ್ನು ಕೈಯಲ್ಲಿ ಹಿಡಿದು, "ಅಣ್ಣಾ, ಇವು ಈಗ ನನಗೆ ಶಾಲೆಯನ್ನು ಕೊಟ್ಟಾವೆ?" ಎಂದಳು. ಬೈದಿದ್ದರೆ ತಾಳಬಹುದಾಗಿತ್ತು. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಅವಳೇ ಅವನ್ನು ಮಾರಿಸಿ, ಓದು ನಿಲ್ಲುವಂತಿದ್ದ ಹುಡುಗಿಯೊಬ್ಬಳ ಶುಲ್ಕಕ್ಕೆ ಕೊಟ್ಟಳು.

ತಾಯಿಯದು ಲೋಭವಲ್ಲ, ಭೀತಿ. ಆದರೆ ಭೀತಿಯೂ ದೀರ್ಘಕಾಲ ಬೀಗದೊಳಗಿದ್ದರೆ ಲೋಭದ ಕೆಲಸವನ್ನೇ ಮಾಡುವುದು. ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ನೆನೆಯಿರಿ. ಪತಿಯಾದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕ, ಅದರಿಂದಲೇ ಜಂಗಮದಾಸೋಹ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಆ ಸಾಧ್ವಿಯು ಕಟ್ಟಳೆ ಮಾಡಿದಳು. ಆ ಅಕ್ಕಿ ಕದ್ದುದಲ್ಲ. ಆದರೂ ಅಗತ್ಯವನ್ನು ಮೀರಿದುದು. ಬಡತನದಲ್ಲಿಯೇ ಮಿತಿಯನ್ನು ಅರಿತವಳು ಅವಳು. ಐದುನೂರು ನಾಣ್ಯವಿದ್ದೂ ಅರಿಯಲಾರದವರು ನಾವು.

ಹಾಗಾದರೆ ಗೃಹಸ್ಥನು ಏನನ್ನೂ ಕೂಡಿಡಬಾರದೆ? ಹಾಗಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಭಂಡಾರಿಗೆ ಎಣಿಕೆ ಗೊತ್ತಿರಬೇಕು, ಒಡೆತನವು ತನ್ನದಲ್ಲವೆಂಬುದೂ ಗೊತ್ತಿರಬೇಕು. ಸತ್ಯಶುದ್ಧ ಕಾಯಕದಿಂದ ಬಂದುದನ್ನು ರೋಗಕ್ಕೆ, ಮುಪ್ಪಿಗೆ, ಮಕ್ಕಳ ವಿದ್ಯೆಗೆ ಇಟ್ಟುಕೊಳ್ಳುವುದು ವಿವೇಕವೇ. ಇಟ್ಟುಕೊಳ್ಳುವವರು ಚೆನ್ನಾಗಿಯೇ ಇಟ್ಟುಕೊಳ್ಳಲಿ: ತೇವವಿಲ್ಲದ ಸ್ಥಳ, ನಾಣ್ಯದ ಅಳತೆಗೆ ಸರಿಯಾದ ಗಟ್ಟಿ ಕೊಳವೆ, ರಬ್ಬರು, ಉಣ್ಣೆ, ಪಿವಿಸಿಯ ಮೆತ್ತನೆಯ ಚೀಲ ಬೇಡ, ಅಂಚನ್ನು ಹಿಡಿದು ಎತ್ತುವುದು, ಕಪ್ಪಾಯಿತೆಂದು ಹುಣಿಸೆ, ಬೂದಿ ಹಚ್ಚಿ ಉಜ್ಜದಿರುವುದು, ಉಜ್ಜಿದರೆ ಅಚ್ಚು ಸವೆದು ಹಳೆಯ ನಾಣ್ಯದ ಬೆಲೆ ಕೆಡುವುದು.

ಇದು ಬೆಳ್ಳಿಯ ರಕ್ಷಣೆ. ಮನಸ್ಸಿನ ರಕ್ಷಣೆಗೆ ಮೂರು ನಿಯಮಗಳು ಸಾಕು. ಮೊದಲನೆಯದು, ಪೆಟ್ಟಿಗೆಯಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಬರೆದಿಟ್ಟು ಧರ್ಮಪತ್ನಿಗೆ ತಿಳಿಸಿರಬೇಕು. ಸಹಧರ್ಮಿಣಿಗೆ ಮರೆಮಾಡಿದ ಧನವು ಮನೆಯೊಳಗಿನ ಕಳವು. ಎರಡನೆಯದು, ಇಷ್ಟು ಸಾಕೆಂಬ ಎಲ್ಲೆಯನ್ನು ಕೊಳ್ಳುವ ಮೊದಲೇ ಹಾಕಿಕೊಳ್ಳಬೇಕು. ಮೂರನೆಯದು, ಯಾವ ಕಷ್ಟಕ್ಕೆಂದು ಇಟ್ಟೆವೋ ಆ ಕಷ್ಟವು ಬಾಗಿಲಿಗೆ ಬಂದ ದಿನ, ತನ್ನ ಮನೆಯದಾಗಲಿ ನೆರೆಮನೆಯದಾಗಲಿ, ಮುದ್ರೆಯನ್ನು ಒಡೆಯಲು ಕೈ ಹಿಂಜರಿಯಬಾರದು. ಆ ದಿನ ತೆರೆಯದ ಪೆಟ್ಟಿಗೆಯು ಬರಿದಾದ ಪೆಟ್ಟಿಗೆಗೆ ಸಮಾನ.

ಶಿಷ್ಯನು ಬಹಳ ಹೊತ್ತು ಸುಮ್ಮನಿದ್ದು, "ಮೊದಲು ಮನೆಯಲ್ಲಿ ಹೇಳುತ್ತೇನೆ, ಗುರುಗಳೇ" ಎಂದು ಎದ್ದನು. ಅಷ್ಟಾದರೆ ಅರ್ಧ ಬೀಗ ತೆರೆದಂತೆಯೇ.

ನಿತ್ಯವೂ ಪೂಜೆಗೆಂದು ತೆರೆಯುವ ಕರಡಿಗೆಯು ಕೈ ತಾಗಿ, ವಸ್ತ್ರ ತಾಗಿ ಹೊಳೆಯುತ್ತಿರುವುದನ್ನು ತಾವೆಲ್ಲ ಬಲ್ಲಿರಿ. ಸೇವೆಯಲ್ಲಿರುವ ಬೆಳ್ಳಿಗೆ ಆ ಕಾಂತಿ. ನಮ್ಮ ಧನವೂ ಹಾಗೆ ಸೇವೆಯಲ್ಲಿರಲಿ.