ನದೀತೀರದ ಅತಿಥಿಧರ್ಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಈಚೆಗೆ ಪ್ರವಾಸಿಗಳು ನದೀತೀರದಲ್ಲಿ ಡೇರೆ ಹೂಡಿ ಒಂದಿರುಳು ತಂಗುವುದುಂಟು. ಬಳಲಿದ ಮನುಷ್ಯನು ಹರಿವ ನೀರಿನ ಸನ್ನಿಧಿಯನ್ನು ಬಯಸುವುದು ದೋಷವಲ್ಲ. ಒಂದು ರಾತ್ರಿ ಮಾತ್ರ ತಂಗುವುದೇ ಅತಿಥಿಯ ಲಕ್ಷಣವೆಂದು ಮನುಸ್ಮೃತಿಯ ಮತ. ಅದರಂತೆ ಇವರು ನದಿಯ ಅತಿಥಿಗಳು. ಆತಿಥೇಯನ ಧರ್ಮವನ್ನು ಎಲ್ಲರೂ ಬೋಧಿಸುವರು. ಅತಿಥಿಯ ಧರ್ಮವೇನೆಂದು ಕೇಳುವವರು ವಿರಳ.

ಹರಿವ ನೀರಿಗೆ ಮೈಲಿಗೆಯಿಲ್ಲವೆಂದು ಕೆಲವರು ಸಮಾಧಾನ ಹೇಳಬಹುದು. ಪಾಪವನ್ನೇ ನಾಶಮಾಡುವವಳೆಂದಲ್ಲವೇ ಅಘನಾಶಿನಿಯ ಹೆಸರು? ಆದರೆ ಪಾಪ ಬೇರೆ, ಕಸ ಬೇರೆ. ಎಸೆದ ಪ್ಲಾಸ್ಟಿಕ್ಕನ್ನು ನದಿಯು ನಾಶಮಾಡದು, ಮುಂದಕ್ಕೆ ಒಯ್ಯುವುದು. ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಬೇಡ್ತಿಯು ಗಂಗಾವಳಿಯೆನಿಸಿ ಸಮುದ್ರವನ್ನು ಮುಟ್ಟುವವರೆಗೆ ಎಷ್ಟೋ ಗ್ರಾಮಗಳವರು ಆ ನೀರಿಗೆ ಇಳಿಯುವರು. ಆದುದರಿಂದ ಅತಿಥಿಯ ಅಪರಾಧದ ಫಲವನ್ನು ಉಣ್ಣುವವನು ಆತನನ್ನು ಎಂದೂ ಕಾಣದ ಮನುಷ್ಯನು.

ಶಿವರಾತ್ರಿಯಂದು ಸಹಸ್ರಲಿಂಗಕ್ಕೆ ಬರುವ ಭಕ್ತನಿಗೂ ಇದರಿಂದ ವಿನಾಯಿತಿಯಿಲ್ಲ. ದಡದಲ್ಲಿ ಬಿಟ್ಟ ಕಸವನ್ನು ಭಕ್ತಿಯು ತೊಳೆಯದು. ಮನೆಯ ಯಜಮಾನನು ಅವಿನಯವನ್ನು ಕಂಡರೆ ಮುಖವನ್ನಾದರೂ ತಿರುಗಿಸುವನು. ನದಿಗೆ ಅದೂ ಶಕ್ಯವಲ್ಲ. ಎದುರಿಗಿರುವವನಿಗೆ ತೋರುವ ದಾಕ್ಷಿಣ್ಯವನ್ನು ಕೆಳಗಿನ ಊರಿನ ಕಾಣದವನಿಗೂ ತೋರುವುದೇ ನದೀತೀರದ ಅತಿಥಿಧರ್ಮವು.